ಹುಬ್ಬಳ್ಳಿಗೆ ಒಂದೇ ಗಂಟೆ

ದೂರ ಎಷ್ಟು ಎಂದು ಕೇಳಿದರೆ ಬೆಂಗಳೂರಿನ ನಾವು ಕಿಲೋಮೀಟರ್ ಹೇಳುವುದಿಲ್ಲ, ಗಂಟೆ ಹೇಳುತ್ತೇವೆ. ಅದೂ ಸುಳ್ಳು ಗಂಟೆ. "ಹೆಬ್ಬಾಳದಲ್ಲಿದ್ದೀನಿ ಗುರು, ಹತ್ತೇ ನಿಮಿಷ" ಎಂದವನು ಇನ್ನೂ ಸ್ನಾನವನ್ನೇ ಮಾಡಿರುವುದಿಲ್ಲ. ಕೇಳಿದವನಿಗೂ ಅದು ಗೊತ್ತಿರುತ್ತದೆ, ಹಾಗಾಗಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನ ಅಕ್ಕ ಮದುವೆಯಾಗಿ ಹುಬ್ಬಳ್ಳಿಗೆ ಹೋಗಿ ಮೂವತ್ತು ವರ್ಷವಾಗಿತ್ತು. ಗಂಟೆಗೆ ಅಲ್ಲಿನವರಂತೆ ತಾಸು ಅನ್ನುತ್ತಿದ್ದಳು. ನಮ್ಮ ಲೆಕ್ಕ ಅವಳಿಗೆ ಮರೆತುಹೋಗಿದೆ ಎಂಬುದು ನನಗೆ ಹೊಳೆಯಲಿಲ್ಲ.

ಅವಳಿಗೆ ಕ್ಯಾನ್ಸರ್. ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಭಾವ ಆಸ್ಪತ್ರೆಯಿಂದ ಫೋನ್ ಮಾಡಿ, ಇವತ್ತಿನ ದಿನ ಕಳೆಯುವುದು ಕಷ್ಟ ಎಂದರು. ಆಮೇಲೆ ಫೋನನ್ನು ಅವಳ ಕಿವಿಗೆ ಹಿಡಿದರು.

"ಎಷ್ಟ್ ತಾಸು ಬೇಕೋ ನಿಂಗೆ?"

"ಫ್ಲೈಟಲ್ಲಿ ಬರ್ತಿದ್ದೀನಿ ಕಣಕ್ಕ. ಒಂದೇ ಗಂಟೆ."

ಟಿಕೆಟ್ಟಿನಲ್ಲೂ ಹಾಗೇ ಇತ್ತು. ನಾನಿರುವುದು ದಾಸರಹಳ್ಳಿ, ಹುಬ್ಬಳ್ಳಿ ರೈಲು ಸಿಗುವ ಯಶವಂತಪುರ ಸ್ಟೇಷನ್ ಮೆಟ್ರೋದಲ್ಲಿ ಕಾಲು ಗಂಟೆಯ ಮಾತು. ಆದರೂ ನಕ್ಷೆಯಲ್ಲಿ ಗೇಣುದ್ದವೂ ಇಲ್ಲದ ದೂರಕ್ಕೆ ರೈಲಿನಲ್ಲಿ ಯಾರು ಕೂರುತ್ತಾರೆ ಎಂದು ಬುದ್ಧಿವಂತಿಕೆ ತೋರಿಸಿದೆ. ಏರ್‌ಪೋರ್ಟ್ ದಾರಿಯಲ್ಲಿ ಹೆಬ್ಬಾಳ ಮುಟ್ಟಲೇ ಒಂದೂವರೆ ಗಂಟೆ ಹಿಡಿಯಿತು. ಫ್ಲೈಓವರ್ ಕೆಳಗೆ ಕಾರು ನಿಂತಲ್ಲೇ ನಿಂತಾಗ ಡ್ರೈವರ್, "ದಿನಾ ಇಂಗೇನೆ ಸಾರ್" ಎಂದ. ಆಮೇಲೆ ತಪಾಸಣೆಯ ಸಾಲು, ವಿಮಾನ ತಡ ಎಂಬ ಪ್ರಕಟಣೆ, ಅದರ ಹಿಂದೆ ಇನ್ನೊಂದು. ನಾಲ್ಕಕ್ಕೆ ನೆಲ ಬಿಟ್ಟಾಗ, ನಾನು ಬೇಡವೆಂದ ರೈಲು ದಾವಣಗೆರೆ ದಾಟಿರಬೇಕು. ಮೇಲೆ ಹೋದ ಮೇಲೆ ಮಾತ್ರ ನಿಜಕ್ಕೂ ಒಂದೇ ಗಂಟೆ. ಕೊಟ್ಟ ನೀರು ಕುಡಿದು ಮುಗಿಸುವಷ್ಟರಲ್ಲಿ ಇಳಿಯಲು ಶುರುವಾಯಿತು, ನನಗೆ ಆ ಚುರುಕಿನ ಮೇಲೆ ಸಿಟ್ಟು ಬಂತು.

ಅಕ್ಕ ಮೂರಕ್ಕೇ ಹೋಗಿದ್ದಳು. ವಾರ್ಡಿನ ಬಾಗಿಲಲ್ಲಿ ಭಾವ ನನ್ನ ಕೈ ಹಿಡಿದುಕೊಂಡರು.

"ನೋವು ಭಾಳ ಇತ್ತು. ಡಾಕ್ಟರು ನಿದ್ದಿ ಇಂಜೆಕ್ಷನ್ ಕೊಡ್ತೀನಿ ಅಂದ್ರು. ಬ್ಯಾಡ ಅಂದ್ಲು. ನನ್ ತಮ್ಮ ಬರಾಕತ್ತಾನ, ಒಂದ ತಾಸು, ಎಚ್ಚರ ಇರ್ತೀನಿ ಅಂದ್ಲು. ಮತ್ತ ಮತ್ತ ಕೇಳಿದ್ರು. ಪ್ರತಿ ಸಲಾನೂ ಅದನ್ನ ಅಂದ್ಲು."

ಅವರು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಹೆಬ್ಬಾಳದಲ್ಲಿ ನಿಂತಿದ್ದಾಗ ನಾನು ಅವಳಿಗೆ ಇನ್ನೊಂದು ಸಲ ಫೋನ್ ಮಾಡಿದ್ದೆ. ತಡವಾಗುತ್ತದೆ, ನೀನು ಮಲಗಿಕೋ ಅಕ್ಕ ಎನ್ನಬಹುದಿತ್ತು. "ಬಂದ್ಬಿಟ್ಟೆ ಕಣಕ್ಕ, ಒಂದೇ ಗಂಟೆ" ಎಂದೆ.