ಕುಂಬಳದ ಕುಡಿ ಯಾರಿಗೆ ಮಾರಬೇಕು

ಬೆಂಗಳೂರಿನ ಕೆ.ಆರ್.ಪುರದ ಆಚೆ ಅಪ್ಪನಿಂದ ನಮಗೆ ಉಳಿದದ್ದು ಹದಿನೈದು ಗುಂಟೆ. ಸುತ್ತಮುತ್ತಲಿನವರೆಲ್ಲ ಜಮೀನು ಮಾರಿದರು, ಕಟ್ಟಡಗಳು ಎದ್ದವು. ನಮ್ಮದು ದಾಯಾದಿಗಳ ವ್ಯಾಜ್ಯದಲ್ಲಿ ಸಿಕ್ಕಿಕೊಂಡದ್ದರಿಂದ ಸೊಪ್ಪಿನ ನೆಲವಾಗಿಯೇ ಉಳಿಯಿತು. ತಮ್ಮ ಗಾರೆ ಕೆಲಸಕ್ಕೆ ಹೋದ. ನಾನು ಸೊಪ್ಪು ಬೆಳೆದು, ಸಂಜೆ ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದೆ.

ಬರಬರುತ್ತ ನನ್ನ ಹಳೆಯ ಗಿರಾಕಿಗಳು ಕಾಣೆಯಾದರು. ಸೊಪ್ಪು ಅವರ ಮನೆ ಬಾಗಿಲಿಗೇ ಬರತೊಡಗಿತ್ತು, ಫೋನಿನಲ್ಲಿ ಒತ್ತಿದರೆ ಸಾಕು. ನಾನು ದಂಟು, ಮೆಂತ್ಯವನ್ನು ಬಾಡಿಸಿಕೊಂಡು ಮನೆಗೆ ತಿರುಗುತ್ತಿದ್ದೆ.

ಒಂದು ಸಂಜೆ ಗರುಡಾಚಾರ್‌ಪಾಳ್ಯದ ಪ್ಯಾಕಿಂಗ್ ಘಟಕವೊಂದರಲ್ಲಿ ಕೆಲಸ ಮಾಡುವ ಅಸ್ಸಾಮಿನ ಹೆಂಗಸು ಬುಟ್ಟಿಯ ಮುಂದೆ ನಿಂತಳು. ಸೊಪ್ಪು ಬಾಡದಿರಲಿ ಎಂದು ಮೇಲೆ ಹೊದಿಸಿದ್ದ ಕುಂಬಳದ ಬಳ್ಳಿಯನ್ನು ಎತ್ತಿ, "ಅಕ್ಕಾ, ಇದು ಎಷ್ಟು?" ಎಂದಳು.

"ಅದು ಮಾರೋದಲ್ಲಮ್ಮ, ಮುಚ್ಚೋಕೆ ಇಟ್ಟಿರೋದು."

ಅವಳು ನಕ್ಕು, ತಿನ್ನುವಂತೆ ಕೈಸನ್ನೆ ಮಾಡಿದಳು. ಸುಮ್ಮನೆ ಕೊಟ್ಟು ಕಳಿಸಿದೆ. ಮಾರನೆಯ ದಿನ ನಾಲ್ವರು ಗೆಳತಿಯರ ಜೊತೆ ಬಂದಳು.

ನಾವು ಹಸುವಿಗೆ ಹಾಕುತ್ತಿದ್ದ ಕುಡಿಯನ್ನು ಅವರು ಹುಡುಕಿಕೊಂಡು ಬರುತ್ತಿದ್ದರು. ಎಷ್ಟು ಉದ್ದಕ್ಕೆ ಚಿವುಟಬೇಕು ಎಂದು ನನಗೆ ಕಲಿಸಿದವಳೂ ಅವಳೇ. ಒಗ್ಗರಣೆಗೆ ಮಾತ್ರ ಗೊತ್ತಿದ್ದ ಸಾಸಿವೆಯನ್ನು ಸೊಪ್ಪಿಗೆಂದು ಬಿತ್ತಿದೆ. ವರ್ಷ ತುಂಬುವುದರೊಳಗೆ ಅರ್ಧ ನೆಲ ಅವರದೇ ಬೆಳೆಯಾಯಿತು. ಬುಟ್ಟಿ ಖಾಲಿ ಮಾಡಿಕೊಂಡು ಮನೆಗೆ ಹೋಗುವ ಸುಖ ಎಷ್ಟೋ ವರ್ಷಗಳ ಮೇಲೆ ಸಿಕ್ಕಿತು.

ಅದೇ ವರ್ಷ ತಮ್ಮನ ಕೆಲಸ ಕೆಟ್ಟಿತು. ಕಂಟ್ರಾಕ್ಟರ್ ಬಂಗಾಳದ ಕಡೆಯಿಂದ ಆಳುಗಳನ್ನು ಕರೆಸಿ, ಕೂಲಿ ಇಳಿಸಿ, "ಈ ಕೂಲಿಗೆ ಬಂದ್ರೆ ಬಾ, ಇಲ್ಲಾಂದ್ರೆ ಅವ್ರಿದ್ದಾರೆ" ಎಂದಿದ್ದ. ವಾರಕ್ಕೆ ಆರು ದಿನ ಇದ್ದ ಕೆಲಸ ಮೂರಕ್ಕೆ ಇಳಿದಿತ್ತು. ಅವನ ಸಂಕಟ ಸುಳ್ಳಾಗಿರಲಿಲ್ಲ. ಆದರೆ ಅವನು ಅದನ್ನು ಹೊತ್ತು ತಂದದ್ದು ನನ್ನ ಬುಟ್ಟಿಯ ಮುಂದಕ್ಕೆ, ಅದೂ ಮೂವರು ಗೆಳೆಯರ ಜೊತೆ. ಆ ಅಸ್ಸಾಮಿನ ಹೆಂಗಸು ಆಗ ಅಲ್ಲೇ ಕುಡಿ ಆರಿಸುತ್ತಿದ್ದಳು.

"ಅಕ್ಕ, ನಾಳೆಯಿಂದ ಇವ್ರಿಗೆ ಮಾರ್ಬೇಡ. ನನ್ನ ಕೂಲಿ ಕಿತ್ಕೊಂಡೋರಿಗೆ ಸೊಪ್ಪು ಕೊಡ್ತೀಯಲ್ಲ, ನಾಚ್ಕೆ ಆಗಲ್ವಾ?"

"ಕೂಲಿ ಇಳಿಸಿದ್ದು ಯಾರೋ? ಈ ಹೆಂಗಸಾ, ನಿನ್ನ ಕಂಟ್ರಾಕ್ಟರಾ? ಹೋಗಿ ಅವನ ಮುಂದೆ ನಿಂತ್ಕೋ. ಅಲ್ಲಿ ಬಾಯಿ ಬರಲ್ಲ, ಇಲ್ಲಿ ಬರುತ್ತಾ?"

ಗೆಳೆಯರಲ್ಲೊಬ್ಬ, "ಭಾಷೆ ಬರದೋರಿಗೆ ಮಾರೋ ಬದ್ಲು ನಮ್ಮೋರಿಗೆ ಮಾರಿ" ಎಂದ.

"ಇವಳು ದಂಟು, ಸಬ್ಬಸಿಗೆ ಅಂತ ಕನ್ನಡದಲ್ಲಿ ಕೇಳೋದು ಕಲ್ತವ್ಳೆ. ನೀನು ಯಾವತ್ತು ನನ್ನ ಹತ್ರ ಒಂದು ಕಟ್ಟು ತಗೊಂಡಿದ್ದೀಯಪ್ಪ?"

ಅವನು ಕಾಲಿನಿಂದ ಬುಟ್ಟಿಯನ್ನು ತಳ್ಳಿದ. ಸೊಪ್ಪು ರಸ್ತೆಗೆ ಚೆಲ್ಲಿತು. ನಾನು ಏಳಲಿಲ್ಲ. ಅಷ್ಟರಲ್ಲಿ ತಮ್ಮನೇ ಅವನ ಕಾಲರ್ ಹಿಡಿದು ಹಿಂದಕ್ಕೆ ಎಳೆದ. "ಅಕ್ಕನ ಬುಟ್ಟಿ ಮುಟ್ಬೇಡ" ಎಂದು ಕೂಗಿದವನು ನನ್ನ ಮುಖ ನೋಡದೆ ಹೊರಟುಹೋದ.

ಎರಡು ತಿಂಗಳು ನಮ್ಮ ನಡುವೆ ಮಾತಿರಲಿಲ್ಲ. ತಮ್ಮನ ಜೊತೆ ಕೆಲಸ ಮಾಡುವ ಬಂಗಾಳದ ಗಾರೆಯವನೊಬ್ಬ ನನ್ನಲ್ಲಿ ಸೊಪ್ಪು ಕೊಳ್ಳುತ್ತಿದ್ದ. ಇಷ್ಟು ಕಡಿಮೆ ಕೂಲಿಗೆ ಯಾಕೆ ಬಂದಿರಿ ಎಂದು ಅವನನ್ನೇ ಕೇಳಿದೆ. 'ಇಲ್ಲಿಯವರಿಗೂ ಇಷ್ಟೇ ಕೂಲಿ' ಎಂದು ಹೇಳಿ ಕಂಟ್ರಾಕ್ಟರ್ ಅವರನ್ನು ಕರೆತಂದಿದ್ದನಂತೆ. ಆ ಸಂಜೆಯೇ ತಮ್ಮನ ಮನೆಗೆ ಹೋದೆ.

"ನಿನಗೆ ಅವರನ್ನ ತೋರಿಸಿ ಹೆದರಿಸ್ದ, ಅವರಿಗೆ ನಿನ್ನ ಹೆಸರಲ್ಲಿ ಸುಳ್ಳು ಹೇಳ್ದ. ಇನ್ನೂ ನನ್ನ ಬುಟ್ಟಿ ಮೇಲೇ ಕೋಪನಾ?"

ಸೋಮವಾರ ಅವನು ಕೆಲಸದ ಜಾಗದಲ್ಲಿ ಬಂಗಾಳದ ಆಳುಗಳ ನಡುವೆ ನಿಂತು, ತನ್ನ ಹಳೆಯ ಕೂಲಿ ಎಷ್ಟಿತ್ತೆಂದು ಹರಕು ಹಿಂದಿಯಲ್ಲಿ ಗಟ್ಟಿಯಾಗಿ ಹೇಳಿದ. ಕಂಟ್ರಾಕ್ಟರ್ ಅಂದೇ ಅವನನ್ನು ಕೆಲಸದಿಂದ ತೆಗೆದ. ಅವರಲ್ಲೂ ಇಬ್ಬರು ಬಿಟ್ಟುಹೋದರು. ಕೆಲಸ ನಿಲ್ಲುವ ಹಾಗಾದಾಗ ಉಳಿದವರಿಗೆ ಕೂಲಿ ಸ್ವಲ್ಪ ಏರಿತು.

ತಮ್ಮ ಈಗ ಹಲಸೂರಿನ ಕಡೆ ಹಳೆಯ ಮನೆಗಳ ದುರಸ್ತಿಗೆ ಹೋಗುತ್ತಾನೆ. ಕೂಲಿ ಮೊದಲಿನಷ್ಟೇ ಸಿಗುತ್ತದೆ, ಕೆಲಸ ಮಾತ್ರ ದಿನವೂ ಇರುವುದಿಲ್ಲ. ಹಬ್ಬಕ್ಕೆ ಬಂದಾಗ, "ನೀನು ಹೇಳಿದ್ದೆಲ್ಲ ಸರಿ ಅಂತ ನಾನು ಒಪ್ಪಲ್ಲ" ಎಂದ. "ಒಪ್ಪಬೇಡ, ಊಟ ಮಾಡು" ಎಂದೆ.

ಕಳೆದ ತಿಂಗಳು ಬೇರೆ ಯಾರೋ ಬಂದು, ಹೊರಗಿನವರು ಸೇರುವ ಕಡೆ ಅಂಗಡಿ ಇಡಬೇಡಿ ಎಂದು ಗದರಿಸಿ ಹೋದರು. ಹೋಗಲಿ. ನನ್ನ ಅಸ್ಸಾಮಿನ ಗಿರಾಕಿಗಳು ಸೆಣಬಿನ ಎಲೆಯನ್ನೂ ಸೊಪ್ಪಾಗಿ ತಿನ್ನುತ್ತಾರಂತೆ. ಬೀಜ ತರಿಸಿ ಎರಡು ಸಾಲು ಬಿತ್ತಿಯಾಗಿದೆ.