ಮೈಕ್‌ಸೆಟ್ಟಿನ ತಟ್ಟೆಯೂ ಮಗಳ ನಿಶ್ಚಿತಾರ್ಥವೂ

ಕಳೆದ ಭಾನುವಾರ ಬೆಳಿಗ್ಗೆ ಕೊಟ್ಟೂರಿನ ನಮ್ಮ ಮನೆಯಲ್ಲಿ ಮಗಳ ನಿಶ್ಚಿತಾರ್ಥ ನಡೆಯಿತು. ಈ ಸಂಗತಿ ನನಗಾಗಲಿ, ನನ್ನ ಹೆಂಡತಿಗಾಗಲಿ, ಖುದ್ದು ಮಗಳಿಗಾಗಲಿ ಗೊತ್ತಿರಲಿಲ್ಲ. ಓಣಿಗೆ ಮಾತ್ರ ಗೊತ್ತಿತ್ತು.

ತಪ್ಪು ಯಾರದು? ಸಂಗೀತದ್ದು.

ಈ ವಯಸ್ಸಿನಲ್ಲಿ ಮನುಷ್ಯನಿಗೆ ಒಂದು ಘನವಾದ ಹವ್ಯಾಸ ಇರಬೇಕೆಂದು ತೀರ್ಮಾನಿಸಿ, ರೆಕಾರ್ಡ್ ಸಂಗ್ರಹಿಸಲು ಹೊರಟೆ. ಅದೇ, ಕಪ್ಪು ತಟ್ಟೆ, ಮೇಲೊಂದು ಮುಳ್ಳು. (ಈಗಿನವರು ವಿನೈಲ್ ಎನ್ನುತ್ತಾರೆ. ಹೆಸರು ಬದಲಾದರೆ ಹಳೆಯ ಸಾಮಾನಿಗೂ ಗೌರವ ಬರುತ್ತದೆ.) ಮೊಬೈಲಿನ ಹಾಡಿಗಿಂತ ಇದರ ಧ್ವನಿ ಬೆಚ್ಚಗಿರುತ್ತದೆಂದು ಬಲ್ಲವರು ಹೇಳಿದ್ದರು. ಅದನ್ನು ಹೆಂಡತಿಗೆ ವರದಿ ಮಾಡಿದೆ.

“ನಮ್ಮೂರ ಬಿಸಿಲಾಗ ಇನ್ನ ಹಾಡೂ ಬೆಚ್ಚಗ ಬೇಕೇನ್ರಿ?” ಎಂದಳು.

ಪ್ಲೇಯರ್ ಆನ್‌ಲೈನಿನಲ್ಲಿ ಬಂತು. ಜೊತೆಗೆ ತರಿಸಿದ ಹೊಸ ರೆಕಾರ್ಡು ಕೊರಿಯರ್ ಗಾಡಿಯಲ್ಲೇ ಬಿಸಿಲಿಗೆ ಕಾದು ಹಪ್ಪಳದಂತೆ ಸೊಟ್ಟಗಾಗಿತ್ತು. ಮುಳ್ಳು ಇಟ್ಟರೆ, ಗಾಯಕಿ ಹಳ್ಳಿಯ ದಾರಿಯಲ್ಲಿ ಆಟೋದಲ್ಲಿ ಕೂತು ಹಾಡಿದಂತೆ ಕೇಳುತ್ತಿತ್ತು. ಹೊಸದರ ಸಹವಾಸ ಬೇಡ, ನಮ್ಮ ಬಿಸಿಲು ತಿಂದು ಬದುಕಿದ ಹಳೆಯದೇ ಬೇಕು ಎಂದು ಹಗರಿಬೊಮ್ಮನಹಳ್ಳಿಗೆ ಹೋದೆ.

ಅಲ್ಲಿ ವಿರೂಪಾಕ್ಷಪ್ಪನವರಿದ್ದಾರೆ. ಒಂದು ಕಾಲಕ್ಕೆ ಸುತ್ತಲಿನ ಊರುಗಳ ಮದುವೆಗೆಲ್ಲ ಅವರದೇ ಮೈಕ್‌ಸೆಟ್. ಹಂದರದ ಕಂಬಕ್ಕೆ ಹಾರ್ನ್ ಕಟ್ಟಿ, ಮೊದಲಿಗೆ ಒಂದು ದೇವರ ಹಾಡು ಹಚ್ಚುತ್ತಿದ್ದರು. ಅದು ಕೇಳಿಸಿತೆಂದರೆ ಆ ಮನೆಯಲ್ಲಿ ಶುಭಕಾರ್ಯ ಶುರುವಾಯಿತು, ನಡೀರಿ ಎಂದು ಅರ್ಥ. ಲಗ್ನಪತ್ರಿಕೆ ಮರೆತವರೂ ಹಾಡು ಕೇಳಿ ಬಂದು ಉಂಡು ಹೋಗುತ್ತಿದ್ದರು.

“ಏನ್ ಕಾರ್ಯ ಐತ್ರಿ ಮನ್ಯಾಗ?” ಎಂದು ಕೇಳಿದರು.

“ಏನಿಲ್ರಿ. ನಾನೊಬ್ಬನ ಕುಂತು ಕೇಳಾಕ.”

“ಒಬ್ರs?” ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಒಬ್ಬನಿಗಾಗಿ ಪಂಕ್ತಿ ಹಾಕಿ ಬಡಿಸಿರೆಂದು ಯಾರೋ ಅಡಿಗೆಭಟ್ಟರಿಗೆ ಹೇಳಿದಂತಾಗಿತ್ತು. ಆದರೂ ಟ್ರಂಕ್ ತೆಗೆದು, ಆ ದೇವರ ಹಾಡಿನ ತಟ್ಟೆಯನ್ನೇ ಮೊದಲು ಕೊಟ್ಟರು. ನನ್ನ ಪ್ಲೇಯರಿನ ಫೋಟೋ ನೋಡಿ, “ಇದಕ್ಕ ಉಸಿರಿಲ್ರಿ” ಎಂದು ತಮ್ಮದೊಂದು ಆಂಪ್ಲಿಫೈಯರು, ಸ್ಪೀಕರ್ ಡಬ್ಬಿಯನ್ನೂ ಹೊರಿಸಿ ಕಳಿಸಿದರು. ಅದಕ್ಕೆ ಮೆಲ್ಲಗೆ ಮಾತಾಡಿ ರೂಢಿಯಿರಲಿಲ್ಲ. ವಾಲ್ಯೂಮ್ ಎಷ್ಟೇ ತಗ್ಗಿಸಿದರೂ ಓಣಿಯ ಕೊನೆಗೆ ಮುಟ್ಟುತ್ತಿತ್ತು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ನಮ್ಮ ಮಗಳು ಹರಪನಹಳ್ಳಿಯ ಶಾಲೆಯೊಂದರಲ್ಲಿ ಟೀಚರ್. ಎದುರುಮನೆಯ ಗೌರಮ್ಮ ಆಕೆಗೆ ಹಡಗಲಿಯ ಒಂದು ಸಂಬಂಧ ತಂದಿದ್ದಳು. ಅವರು ಬಂದರು, ಉಪ್ಪಿಟ್ಟು ತಿಂದರು, ಹೋದರು. ಆಮೇಲೆ ಫೋನಿಲ್ಲ. ಹೆಂಡತಿ ದಿನಾ ಮೊಬೈಲ್ ನೋಡುತ್ತಿದ್ದಳು. ಮಗಳು ನೋಡುತ್ತಿರಲಿಲ್ಲ. ಹಾಗೆ ನೋಡದೆ ಇರುವುದೂ ಒಂದು ಕೆಲಸವೇ ಎಂದು ನನಗೆ ಗೊತ್ತಿತ್ತು.

ಇಂಥ ವೇಳೆಯಲ್ಲಿ, ಭಾನುವಾರ, ಸ್ನಾನ ಮುಗಿಸಿ, ತಟ್ಟೆಯ ಧೂಳು ಒರೆಸಿ, ಮುಳ್ಳು ಇಟ್ಟು ಕಣ್ಣು ಮುಚ್ಚಿದೆ. ಆ ತಟ್ಟೆಗೊಂದು ಗೀರು ಬಿದ್ದಿದೆ. ಎರಡನೆಯ ಚರಣದಲ್ಲಿ ಗಾಯಕ ಒಂದೇ ಪದ ಹಿಡಿದು ತೊದಲುತ್ತಾನೆ. ಮುಳ್ಳನ್ನು ಬೆರಳಿನಿಂದ ಮುಂದೆ ನೂಕಬೇಕು. (ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಆರತಿ ಬೆಳಗುವಾಗಲೂ ಅಲ್ಲಿ ಭಕ್ತಿಯಿಂದ ತೊದಲುತ್ತಾರೆ. ಹಾಡು ಇರುವುದೇ ಹಾಗೆಂದು ನಂಬಿದ್ದಾರೆ.) ನೂಕಲು ಕಣ್ಣು ಬಿಟ್ಟರೆ, ಬಾಗಿಲಲ್ಲಿ ಗೌರಮ್ಮ.

“ಅಣ್ಣಾರ, ಹಡಗಲಿಯವರು ಒಳಗ ಅದಾರೋ, ಹೊಂಟು ಹೋದ್ರೋ?”

“ಯಾರೂ ಬಂದಿಲ್ಲವಾ. ಹಡಗಲಿಯವರ ಸುದ್ದೀನ ಇಲ್ಲ.”

“ಹಂಗಾರ ಬ್ಯಾರೇರು!” ಸೆರಗು ಸೊಂಟಕ್ಕೆ ಬಿಗಿಯಿತು. “ಸಂಬಂಧ ತಂದಾಕಿ ನಾನು. ಎಲಿ ಅಡಿಕಿ ಮತ್ತೊಬ್ರ ಜೋಡಿ! ಒಂದು ಮಾತು ಹೇಳಿದ್ರ ಅಡ್ಡ ಬರ್ತಿದ್ನೇನು?”

“ಅಯ್ಯೋ, ನಾ ಸುಮ್ನ ಹಾಡು ಕೇಳಾಕತ್ತಿದ್ದೆ.”

“ಆ ಪ್ಲೇಟು ಸುಮ್ಸುಮ್ನ ಹಾಡ್ತತೇನ್ರಿ? ನನ್ನ ಮದುವ್ಯಾಗೂ ಅಲ್ಲೇ ತೊದಲಿತ್ತು!”

ನಾನು ಮೊದಲು ಮುಳ್ಳನ್ನು ಮುಂದೆ ನೂಕಿದೆ.

ಅಷ್ಟರಲ್ಲಿ ಹಿಂದಿನ ಮನೆಯವರು ತೆಂಗಿನಕಾಯಿ, ಕುಪ್ಪಸದ ಕಣ ಹಿಡಿದು ಬಂದರು. ಯಾರೋ ಹೇಳದೆಯೇ ಪ್ಲಾಸ್ಟಿಕ್ ಕುರ್ಚಿ ತಂದು ಅಂಗಳದಲ್ಲಿ ಹಾಕಿದರು. ಬಂದವರನ್ನು ಬರಿಗೈಲಿ ಕಳಿಸುವುದು ಹೇಗೆಂದು ಹೆಂಡತಿ ಎಲ್ಲರಿಗೂ ಚಹಾ ಕೊಟ್ಟಳು. ಅಲ್ಲಿಗೆ ನಿಶ್ಚಿತಾರ್ಥ ಊರ್ಜಿತವಾಯಿತು. ಗೌರಮ್ಮ ಮಾತ್ರ ಚಹಾ ಮುಟ್ಟದೆ ಎದ್ದು ಹೋದಳು.

ಮನುಷ್ಯ ತನ್ನ ಮನೆಯಲ್ಲಿ ತನ್ನ ಪಾಡಿಗೆ ಒಂದು ಹಾಡು ಕೇಳುವುದು ಇಷ್ಟು ಕಷ್ಟವೇ? ನಮ್ಮ ಸೀಮೆಯಲ್ಲಿ ಹೌದು. ಇಲ್ಲಿ ಬೈಗುಳ ಕೂಡ ನಾಲ್ಕು ಮನೆಗೆ ಕೇಳಿದರೇನೇ ಬೈದಂತೆ. ಇನ್ನು ಹಾಡು ಹಚ್ಚಿ, ಬಾಗಿಲು ತೆರೆದಿಟ್ಟು, ಬಂದವರಿಗೆ ‘ಏನಿಲ್ಲ’ ಎಂದರೆ ಯಾರು ನಂಬುತ್ತಾರೆ?

ಮಧ್ಯಾಹ್ನ ಹಡಗಲಿಯ ಫೋನು ಬಂತು. ಹುಡುಗನ ತಂದೆ. ಗೌರಮ್ಮ ಸಿಟ್ಟಿನಲ್ಲಿ ಅವರಿಗೆ ಸುದ್ದಿ ಮುಟ್ಟಿಸಿದ್ದಳು.

“ಸರ, ಅವಸರ ಮಾಡಬ್ಯಾಡ್ರಿ. ಹುಡುಗಿ ನಮಗ ಅವತ್ತs ಒಪ್ಪಿಗಿ ಆಗಿದ್ಳು. ಹೇಳಾಕ ಒಳ್ಳೇ ದಿನ ನೋಡಾಕತ್ತಿದ್ವಿ.”

ಒಳ್ಳೆಯ ದಿನ ಇಷ್ಟು ಬೇಗ ಸಿಕ್ಕಿದ್ದು ನನಗೂ ಆಶ್ಚರ್ಯ. ಮದುವೆ ಎಲ್ಲೂ ಗೊತ್ತಾಗಿಲ್ಲ, ಹಾಡು ಕೇಳಿ ಜನ ತಪ್ಪು ತಿಳಿದರು ಎಂದು ವಿವರಿಸಿದೆ. ಅವರು ನಕ್ಕರು. ನಂಬಲಿಲ್ಲ.

ಹೆಂಡತಿ ಹೋಗಿ ಪ್ಲೇಯರಿಗೆ ಒಂದು ಹೂ ಏರಿಸಿದಳು. ಗೌರಮ್ಮ ಸಿಟ್ಟು ಬಿಟ್ಟು ಬಂದು, “ನಾ ಒಂದು ಮಾತು ಮುಟ್ಟಿಸಿದ್ದಕ್ಕs ಆತು ನೋಡ್ರಿ” ಎಂದು ಆರಿದ ಚಹಾವನ್ನೇ ಬಿಸಿ ಮಾಡಿಸಿ ಕುಡಿದಳು. ಇಬ್ಬರೂ ಸೇರಿ ಯಾರ್ಯಾರನ್ನು ಕರೆಯಬೇಕೆಂಬ ಮಾತಿಗೆ ಇಳಿದರು.

ಮೂಲೆಯಲ್ಲಿ ಮಕ್ಕಳ ಪೇಪರ್ ತಿದ್ದುತ್ತಿದ್ದ ಮಗಳು ಕೆಂಪು ಪೆನ್ನಿನ ಕ್ಯಾಪ್ ಮುಚ್ಚಿದಳು.

“ಅಪ್ಪಾ, ಅವ್ರಿಗೆ ಬೇಕಾಗಿರೋದು ನಾನೋ, ಬ್ಯಾರೇರ ಪಾಲಾದ ಹುಡುಗೀನೋ? ಮೊದ್ಲು ಅದನ್ನ ಕೇಳ್ರಿ.”

ನಾನು ಆ ಪ್ರಶ್ನೆಯನ್ನು ಒಂದಕ್ಷರ ಬಿಡದೆ ಹಡಗಲಿಗೆ ಮುಟ್ಟಿಸಿದ್ದೇನೆ. ಆ ಕಡೆಯಿಂದ ಸದ್ದೇ ಇಲ್ಲ. ಮಗಳು ಮಾತ್ರ ಮೂರು ದಿನದಿಂದ ಗುನುಗುತ್ತಾ ಓಡಾಡುತ್ತಿದ್ದಾಳೆ. ಮನೆಯಲ್ಲಿ ಕೇಳಲು ಇದಕ್ಕಿಂತ ಒಳ್ಳೆಯ ಹಾಡು ಯಾವ ತಟ್ಟೆಯಲ್ಲಿ ಸಿಕ್ಕೀತು?