ಹನ್ನೆರಡರಿಂದ ಒಂದು

ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ನಮಗೆ ಊಟದ ವಿರಾಮ ಹನ್ನೆರಡರಿಂದ ಒಂದು. ಔಷಧಿ ಡಬ್ಬಿಗಳೊಳಗೆ ಮಡಿಸಿಡುವ ಮಾಹಿತಿ ಚೀಟಿಗಳನ್ನು ಮುದ್ರಿಸುವ ಘಟಕ ಅದು. ಕರಡು ತಿದ್ದುವುದು ನನ್ನ ಕೆಲಸ. ಸೈರನ್ ಕೂಗಿದ ಮೇಲೆ ಎಲ್ಲರೂ ಕ್ಯಾಂಟೀನಿಗೆ ಹೋಗುತ್ತಾರೆ. ನಾನು ಊಟದ ಡಬ್ಬಿ ಹಿಡಿದುಕೊಂಡು ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ಕೂರುತ್ತೇನೆ. ರಸ್ತೆಯಲ್ಲಿ ಜಿಗಣಿ ಕಡೆಯ ಲಾರಿಗಳು ಹೋಗುತ್ತಿರುತ್ತವೆ. ಆ ಒಂದು ಗಂಟೆ ನನ್ನ ಪಕ್ಕದಲ್ಲಿ ಒಬ್ಬ ಮನುಷ್ಯ ಕೂತಿರಬೇಕಿತ್ತು ಎಂದು ದಿನವೂ ಅನ್ನಿಸುತ್ತದೆ.

ಅದಕ್ಕೂ ಮೊದಲು ನಾನು ಹಡಗಿನಲ್ಲಿದ್ದೆ. ಪತ್ರಿಕೆಯೊಂದರ ಡೆಸ್ಕಿನಲ್ಲಿ ಹದಿನೈದು ವರ್ಷ ಕೆಲಸ ಮಾಡಿದ ಮೇಲೆ ನಮ್ಮ ಆವೃತ್ತಿ ನಿಂತುಹೋಯಿತು. ಪರಿಚಯದವರೊಬ್ಬರು ಪ್ರವಾಸಿ ಹಡಗೊಂದರ ಮುದ್ರಣ ಕೋಣೆಯಲ್ಲಿ ಜಾಗವಿದೆ ಎಂದರು. ಅಟ್ಲಾಂಟಿಕ್ ಸಾಗರವನ್ನು ಆ ದಡದಿಂದ ಈ ದಡಕ್ಕೆ ದಾಟುತ್ತಲೇ ಇರುವ ಹಡಗು. ಪ್ರತಿ ಕೋಣೆಗೂ ದಿನಾ ಒಂದು ಹಾಳೆ ತಲುಪಬೇಕು. ನಾಳೆ ಸೂರ್ಯ ಹುಟ್ಟುವ ಹೊತ್ತು, ಮುಳುಗುವ ಹೊತ್ತು, ಊಟದ ವೇಳೆ, ನೃತ್ಯದ ಪಾಠ, ಸಂಜೆ ಯಾವ ಉಡುಪು ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಸಿಬ್ಬಂದಿಗೆ ಬೇರೆ ಹಾಳೆ, ಅದನ್ನು ಕೆಳಗಿನ ಉದ್ದನೆಯ ಓಣಿಯ ಗೋಡೆಗೆ ಅಂಟಿಸುತ್ತಿದ್ದೆವು. ಎರಡನ್ನೂ ಸಿದ್ಧಮಾಡಿ ಅಚ್ಚು ಹಾಕುವುದು ನನ್ನ ಪಾಲಿಗೆ ಬಂತು.

ಓದುಗರು ಅಲ್ಲೂ ಇದ್ದರು. ಒಂದು ಪ್ರಯಾಣದಲ್ಲಿ ಏಳನೇ ಡೆಕ್ಕಿನ ವಯಸ್ಸಾದ ಮಹಿಳೆಯೊಬ್ಬರು ದಿನದ ಹಾಳೆಯನ್ನು ಪೆನ್ಸಿಲ್‌ನಲ್ಲಿ ತಿದ್ದಿ ವಾಪಸ್ ಕಳಿಸುತ್ತಿದ್ದರು. ಕೊನೆಯ ದಿನ ತಿದ್ದುಪಡಿ ಏನೂ ಇರಲಿಲ್ಲ. ಮೂಲೆಯಲ್ಲಿ ಒಂದು ಸರಿ ಗುರುತು ಮಾತ್ರ ಇತ್ತು. ಅವರ ಮುಖವನ್ನು ನಾನು ನೋಡಲೇ ಇಲ್ಲ.

ಪಕ್ಕದಲ್ಲಿ ಕೂತಿರಬೇಕಿತ್ತು ಎಂದೆನಲ್ಲ, ಆ ಮನುಷ್ಯ ಸಿಕ್ಕಿದ್ದು ಲಾಂಡ್ರಿಯ ಕೌಂಟರಿನಲ್ಲಿ. ಶಾಯಿ ಕಲೆಯ ಅಂಗಿಗಳನ್ನು ಕೊಡಲು ಮೂರನೇ ಸಲ ಹೋಗಿದ್ದೆ. ಒಳಗೆ ಇಸ್ತ್ರಿ ಯಂತ್ರದ ಮುಂದೆ ನಿಂತಿದ್ದವನೊಬ್ಬ ನನ್ನ ಅಂಗಿ ಎತ್ತಿ ನೋಡಿ ತನ್ನಷ್ಟಕ್ಕೇ ಅಂದ:

"ಈ ನನ್ಮಗ ಇಂಕಲ್ಲೇ ಸ್ನಾನ ಮಾಡ್ತಾನೇನೋ."

"ದಿನಾ ಇಲ್ಲಪ್ಪ, ಎರಡು ದಿನಕ್ಕೊಂದ್ಸಲ," ಅಂದೆ.

ಅವನ ಕೈಯಿಂದ ಅಂಗಿ ಬಿತ್ತು. ಸಾವಿರ ಜನ ಸಿಬ್ಬಂದಿಯ ಹಡಗಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಅವನು ವರ್ತೂರಿನವನು. ಕೆರೆ ಪಕ್ಕ ಅವರ ಮನೆಯವರು ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಇದೆ. ಇವನು ವೈಟ್‌ಫೀಲ್ಡಿನ ಹೋಟೆಲುಗಳ ಬಟ್ಟೆ ಒಗೆಯುವ ಘಟಕದಲ್ಲಿ ಕೆಲಸ ಕಲಿತು ಅಲ್ಲಿಂದ ಹಡಗಿಗೆ ಬಂದಿದ್ದ. ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಮೊದಲ ವಾರ ಸಾರ್ ಅಂದ, ಆಮೇಲೆ ಪೇಪರಣ್ಣ ಅಂದ, ಕೊನೆಗೆ ಬರೀ ಅಣ್ಣ ಆಯಿತು.

ಇಬ್ಬರಿಗೂ ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಬಿಡುವು. ಹಡಗಿನ ಹಿಂಬದಿಯಲ್ಲಿ ಹಗ್ಗದ ಸುರುಳಿಗಳನ್ನಿಟ್ಟ ಒಂದು ಸಣ್ಣ ತೆರೆದ ಡೆಕ್ ಇತ್ತು. ಪ್ರಯಾಣಿಕರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಮೆಸ್ಸಿನಿಂದ ತಟ್ಟೆ ತಂದು ಅಲ್ಲಿ ಕೂರುತ್ತಿದ್ದೆವು. ಕೆಳಗೆ ನೀರು ಬಿಳಿ ನೊರೆಯಾಗಿ ಹಿಂದಕ್ಕೆ ಹೋಗುತ್ತಿತ್ತು.

"ಇವತ್ತಿನ ಹೆಡ್‌ಲೈನ್ ಏನಣ್ಣ?" ಎಂದು ಅವನು ಶುರುಮಾಡುತ್ತಿದ್ದ.

"ಸಮುದ್ರ ಸಾಧಾರಣ."

"ನಿನ್ನೇನೂ ಅದೇ ಹಾಕಿದ್ರಿ. ಇಂಗೇ ಬರೆದು ಬರೆದೇ ನಿಮ್ ಪೇಪರ್ ಮುಚ್ಚೋಯ್ತು."

ಲಾಂಡ್ರಿ ಇದ್ದದ್ದು ನೀರಿನ ಮಟ್ಟಕ್ಕಿಂತ ಕೆಳಗೆ. ಅಲ್ಲಿ ಕಿಟಕಿ ಇಲ್ಲ. ಹೊರಗಿನ ಹವೆಯನ್ನು ಅವನು ಬಟ್ಟೆ ನೋಡಿ ಹೇಳುತ್ತಿದ್ದ. ಈಜುಕೊಳದ ಟವೆಲ್ ಜಾಸ್ತಿ ಬಂದರೆ ಬಿಸಿಲು, ಡೆಕ್ಕಿನ ಕಂಬಳಿ ಜಾಸ್ತಿ ಬಂದರೆ ಗಾಳಿ, ಮೇಜುಬಟ್ಟೆಗಳ ಮೇಲೆ ಸಾರು ಚೆಲ್ಲಿದ್ದರೆ ಅಲೆ. ಅವನ ಲೆಕ್ಕ ತಪ್ಪುತ್ತಿದ್ದದ್ದು ಕಡಿಮೆ. ಆದರೆ ಊಟದ ಆ ಒಂದು ಗಂಟೆ ಬಿಟ್ಟರೆ ಅವನು ಸಮುದ್ರ ನೋಡುತ್ತಿರಲಿಲ್ಲ.

"ಮೂರ್ ಸಲ ಕಾಂಟ್ರಾಕ್ಟ್ ಮಾಡಿದೀನಿ ಅಣ್ಣ. ಊರಲ್ಲಿ ಎಲ್ರೂ ಕೇಳ್ತಾರೆ, ಸಮುದ್ರ ಎಂಗಿರುತ್ತೆ ಅಂತ. ನಾನು ಏನೇಳ್ಲಿ? ಬೆಡ್‌ಶೀಟ್ ಇದ್ದಂಗಿರುತ್ತೆ ಅಂತ ಏಳ್ಲಾ?"

ಅವನಿಗೆ ಮೇಲಿನ ಡೆಕ್ಕುಗಳಲ್ಲಿ ಕೋಣೆ ಸಿದ್ಧಮಾಡುವ ಕೆಲಸ ಬೇಕಿತ್ತು. ಕಿಟಕಿ ಇರುವ ಕೆಲಸ ಎಂದೇ ಅದನ್ನು ಕರೆಯುತ್ತಿದ್ದ. ಒಮ್ಮೆ ಧೈರ್ಯ ಮಾಡಿ ಅಧಿಕಾರಿಯನ್ನು ಬಾಯಿಮಾತಿನಲ್ಲಿ ಕೇಳಿದ್ದ. ಕಾಂಟ್ರಾಕ್ಟ್ ಮುಗಿಯುವಾಗ ನಡೆಯುವ ಸಂದರ್ಶನಕ್ಕೆ ಬರಹದಲ್ಲಿ ತಂದುಕೊಡು, ಆಗ ನೋಡೋಣ ಎಂದು ಅವರು ಹೇಳಿದ್ದರು. ಇಂಗ್ಲಿಷಿನಲ್ಲಿ ಬರೆಯಲು ಇವನಿಗೆ ಬರುತ್ತಿರಲಿಲ್ಲ. ನಾನು ಬರೆದುಕೊಡುತ್ತೇನೆ ಎಂದೆ.

ಪತ್ರಕ್ಕೆ ನಾಲ್ಕು ದಿನ ತೆಗೆದುಕೊಂಡೆ. ಒಂದು ಪುಟಕ್ಕಿಂತ ಹೆಚ್ಚಾಗಬಾರದು, ಗೋಗರೆಯಬಾರದು, ಮಾಡಿದ ಕೆಲಸ ಸ್ಪಷ್ಟವಾಗಿರಬೇಕು ಎಂದು ಮತ್ತೆ ಮತ್ತೆ ತಿದ್ದಿದೆ. ಅವನು ಇಳಿಯುವ ಹಿಂದಿನ ದಿನ, ಊಟದ ಹೊತ್ತಿಗೆ ಡೆಕ್ಕಿನಲ್ಲಿ ಕೊಡುವುದೆಂದು ಮಾತಾಯಿತು. ಒಂದು ಗಂಟೆಗೆ ಅವನ ಸಂದರ್ಶನವಿತ್ತು.

ಇಲ್ಲಿ ಹಡಗಿನ ಗಡಿಯಾರದ ವಿಷಯ ಹೇಳಬೇಕು. ಪೂರ್ವಕ್ಕೆ ಹೋಗುವಾಗ ಹೆಚ್ಚುಕಡಿಮೆ ದಿನಾ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಹಾಕಬೇಕು. ನಮ್ಮ ಹಡಗಿನಲ್ಲಿ ಅದನ್ನು ನಡುಹಗಲಿನಲ್ಲೇ ಮಾಡುತ್ತಿದ್ದರು. ಹನ್ನೆರಡು ಬಾರಿಸಿದ ಕೂಡಲೇ ಗಂಟೆ ಒಂದು. ಹನ್ನೆರಡರಿಂದ ಒಂದರ ಹೊತ್ತು ಆ ದಿನಕ್ಕೆ ಇರುವುದೇ ಇಲ್ಲ. ಅಂಥ ದಿನ ನಮ್ಮಂಥವರ ಊಟ ಹನ್ನೊಂದಕ್ಕೆ. ಈ ಸೂಚನೆಯನ್ನು ಎರಡು ಹಾಳೆಗಳಲ್ಲೂ ದಪ್ಪಕ್ಷರದಲ್ಲಿ ಹಾಕುತ್ತಿದ್ದವನು ನಾನು.

ಆದರೆ ಹಾಳೆ ಮಾಡುವವನು ಒಂದು ದಿನ ಮುಂದೆ ಬದುಕುತ್ತಾನೆ. ಪತ್ರಿಕೆಯಲ್ಲೂ ಹಾಗೆಯೇ, ಕೈಯಲ್ಲಿರುವ ಪುಟದ ಮೇಲೆ ಯಾವಾಗಲೂ ನಾಳೆಯ ದಿನಾಂಕ. ಆ ಬೆಳಿಗ್ಗೆ ನನ್ನ ಕೈಯಲ್ಲಿದ್ದದ್ದು ಮರುದಿನದ, ಬಂದರು ಸೇರುವ ದಿನದ ಹಾಳೆ. ಬಂದರಿನಲ್ಲಿ ಗಡಿಯಾರ ಬದಲಾಗುವುದಿಲ್ಲ. ಆ ಸಾಲನ್ನು ನಾನೇ ತೆಗೆದುಹಾಕಿದೆ. ತೆಗೆದ ಮೇಲೆ ನನ್ನ ತಲೆಯಿಂದಲೂ ಅದು ಹೋಯಿತು.

ಗೋಡೆ ಗಡಿಯಾರ ಹನ್ನೆರಡಕ್ಕೆ ಐದು ನಿಮಿಷ ತೋರಿಸುವಾಗ ಪತ್ರವನ್ನು ಲಕೋಟೆಗೆ ಹಾಕಿ ಹೊರಟೆ. ಮೆಟ್ಟಿಲು ಹತ್ತಿ ಡೆಕ್ಕಿಗೆ ಬಂದರೆ ಯಾರೂ ಇಲ್ಲ. ಹಗ್ಗದ ಸುರುಳಿಯ ಮೇಲೆ ಕಿತ್ತಳೆ ಹಣ್ಣಿನ ಸಿಪ್ಪೆ ಒಂದು ಕಡೆ ಒಟ್ಟಾಗಿ ಇತ್ತು. ನನಗಾಗಿ ಇನ್ನೊಂದು ಹಣ್ಣು, ಸುಲಿಯದೆ ಇಟ್ಟಿದ್ದ. ಅದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಧ್ವನಿವರ್ಧಕದಲ್ಲಿ ಕ್ಯಾಪ್ಟನ್ನರ ದನಿ ಬಂತು. ಈಗ ಸಮಯ ಮಧ್ಯಾಹ್ನ ಒಂದು ಗಂಟೆ.

ಓಡಿದೆ. ಲಾಂಡ್ರಿಯಲ್ಲಿ ಕೇಳಿದಾಗ ಮೇಲೆ ಹೋದ ಎಂದರು. ಅಧಿಕಾರಿಯ ಕೋಣೆಯ ಬಾಗಿಲು ಮುಚ್ಚಿತ್ತು. ಕಾಲು ಗಂಟೆಯ ಮೇಲೆ ಅವನು ಹೊರಗೆ ಬಂದ. ಕೈಯಲ್ಲಿ ಸಹಿಯಾದ ಕಾಗದ, ಮುಂದಿನ ಹುದ್ದೆ ಎಂಬಲ್ಲಿ ಲಾಂಡ್ರಿ ಎಂದೇ ಬರೆದಿತ್ತು. ನಾನು ಲಕೋಟೆ ಹಿಡಿದುಕೊಂಡು ನಿಂತಿದ್ದೆ.

"ಹನ್ನೊಂದಕ್ಕೆ ಬರ್ತೀರ ಅಂತ ಕಾದೆ," ಅಂದ.

"ಗಡಿಯಾರ... ನಂಗೆ ನೆನಪೇ ಆಗ್ಲಿಲ್ಲ ಕಣಯ್ಯ."

ಅವನು ಗೋಡೆಯತ್ತ ನೋಡಿದ. ನಾನೇ ಅಚ್ಚು ಹಾಕಿದ ಹಾಳೆ ಅಲ್ಲಿ ಅಂಟಿಕೊಂಡಿತ್ತು.

"ಪರ್ವಾಗಿಲ್ಲ ಬಿಡಿ ಅಣ್ಣ. ಇಸ್ತ್ರಿಗೂ ಜನ ಬೇಕಲ್ಲ."

ಅವನು ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಬೆಳಿಗ್ಗೆ ಇಳಿಯುವವರ ಸಾಲಿನಲ್ಲಿ ದೂರದಿಂದ ಕೈಯೆತ್ತಿದ, ನಾನೂ ಎತ್ತಿದೆ. ಉಳಿದ ಎರಡು ತಿಂಗಳು ಆ ಡೆಕ್ಕಿನಲ್ಲಿ ಒಬ್ಬನೇ ಊಟ ಮಾಡಿದೆ. ನನ್ನ ಕಾಂಟ್ರಾಕ್ಟೂ ಮುಗಿಯಿತು. ವಾಪಸ್ ಬಂದು ಬೊಮ್ಮಸಂದ್ರದಲ್ಲಿ ಈ ಕೆಲಸ ಹಿಡಿದೆ.

ಅವನು ಹಡಗಿಗೆ ಮರಳಲಿಲ್ಲ ಎಂದು ಫೋನಿನಲ್ಲಿ ತಿಳಿಯಿತು. ಹಡಗಿಗೆ ಜನ ಕಳಿಸುವ ಏಜೆನ್ಸಿಯವರು ಲಾಂಡ್ರಿಗೆ ಕರೆದರೆ ಇವನು ಒಲ್ಲೆ ಅನ್ನುತ್ತಿದ್ದ. ಮತ್ತೆ ವೈಟ್‌ಫೀಲ್ಡಿನ ಹಳೆಯ ಘಟಕಕ್ಕೇ ಹೋಗುತ್ತಿದ್ದ. ಚಂದಾಪುರ, ದೊಮ್ಮಸಂದ್ರದ ಮೇಲೆ ಹೋದರೆ ಗಾಡಿಯಲ್ಲಿ ಒಂದು ಗಂಟೆಯ ದಾರಿ. ಮಹಾಸಾಗರದ ನಡುವೆ ದಿನಾ ಸಿಗುತ್ತಿದ್ದವರು ಎಂಟು ತಿಂಗಳು ಮುಖ ನೋಡಲಿಲ್ಲ. ಟ್ರಾಫಿಕ್ಕು, ಶಿಫ್ಟು ಎಂದು ಇಬ್ಬರೂ ಹೇಳಿಕೊಂಡೆವು. ನನ್ನ ಮಟ್ಟಿಗೆ ನಿಜವಾದ ಕಾರಣ ಮೇಜಿನ ಖಾನೆಯಲ್ಲಿದ್ದ ಲಕೋಟೆ.

ಒಂದು ಭಾನುವಾರ ಅದನ್ನು ಜೇಬಿನಲ್ಲಿಟ್ಟುಕೊಂಡು ಹೊರಟೆ. ವರ್ತೂರಿನ ಅವನ ಮನೆಯಲ್ಲಿ ಕೆಳಗೆ ಅವರ ಸಂಸಾರ, ಮೇಲೆ ಬಾಡಿಗೆ ಕೋಣೆಗಳು. ಮೆಟ್ಟಿಲ ಮೇಲೆ ರಾಯಚೂರಿನ ಗಾರೆ ಕೆಲಸದವರಿಬ್ಬರು ಈರುಳ್ಳಿ ಹೆಚ್ಚುತ್ತಿದ್ದರು. ಅವನ ಹೆಂಡತಿ ನನ್ನನ್ನು ನೋಡಿದವಳೇ ಒಳಗೆ ಕೂಗಿದಳು: "ರೀ, ನಿಮ್ ಪೇಪರಣ್ಣ ಬಂದವ್ರೆ! ಈಗ ಟೈಮ್ ಎಷ್ಟು ಅಂತ ಕೇಳಿ ಅವರನ್ನ."

ಅಂದರೆ ಮನೆಯಲ್ಲೆಲ್ಲ ಹೇಳಿದ್ದಾನೆ.

ಅವನು ನನ್ನನ್ನು ತಾರಸಿಗೆ ಕರೆದುಕೊಂಡು ಹೋದ. ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ ಕೆರೆ ಕಾಣುತ್ತಿತ್ತು. ಕೋಡಿಯ ಬಳಿ ಬಿಳಿ ನೊರೆ ಎದ್ದಿತ್ತು.

"ನೋಡಿ ಅಣ್ಣ, ಅಡಗಿನ ಇಂದೆ ಇರ್ತಿತ್ತಲ್ಲ, ಅಂಗೇ ಇದೆ. ವಾಸ್ನೆ ಒಂದ್ ಬಿಟ್ರೆ."

ಲಕೋಟೆ ಕೊಟ್ಟೆ. ಬಿಚ್ಚಿ ನಿಧಾನವಾಗಿ ಬೆರಳಿಟ್ಟು ಓದಿದ. ಅರ್ಥವಾಗದ ಕಡೆ ಕೇಳಿದ, ಹೇಳಿದೆ.

"ಇಷ್ಟೆಲ್ಲ ನಾನು ಮಾಡಿದೀನಾ?"

"ಮಾಡಿದ್ದನ್ನೇ ಬರ್ದಿರೋದು."

"ಏಜೆನ್ಸಿಯವ್ರಿಗೆ ಇದನ್ನೇ ಕೊಡ್ಬೌದಾ ಈಗ?"

ಮರುದಿನ ದಿನಾಂಕ ಬದಲಾಯಿಸಿ ಕಳಿಸಿದೆ, ಬೇರೆ ಒಂದಕ್ಷರ ಮುಟ್ಟಲಿಲ್ಲ. ಸಂದರ್ಶನಕ್ಕೆ ಕರೆ ಬಂತು, ತಯಾರಾದ ಮೇಲೆ ಬಾ ಎಂದಿದ್ದರು. ಅಲ್ಲಿಂದ ಎಂಟು ಭಾನುವಾರ ನಾನು ವರ್ತೂರಿಗೆ ಹೋದೆ. ಹನ್ನೆರಡರಿಂದ ಒಂದರವರೆಗೆ ತಾರಸಿಯ ಮೇಲೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದೆ. ನಾನು ಪ್ರಯಾಣಿಕ, ಅವನು ಕೋಣೆಯವನು. ನನ್ನ ದಿಂಬು ಗಟ್ಟಿ, ನನ್ನ ನಲ್ಲಿ ಸೋರುತ್ತದೆ, ನನ್ನ ಕನ್ನಡಕ ಕಾಣುತ್ತಿಲ್ಲ ಎಂದು ದೂರುತ್ತಿದ್ದೆ. ಅವನು ಸಮಾಧಾನ ಹೇಳುತ್ತಿದ್ದ. ಸಿಟ್ಟು ಬಂದರೆ ಕನ್ನಡಕ್ಕೆ ಜಾರುತ್ತಿದ್ದ: "ನಿಮ್ಮಂಥ ಪ್ಯಾಸೆಂಜರ್ ಸಿಕ್ರೆ ನಾನು ವಾಪಸ್ ಲಾಂಡ್ರಿಗೇ ಓಗ್ತೀನಿ ಅಣ್ಣ!" ಅವನ ಹೆಂಡತಿ ಅನ್ನ, ಬಸ್ಸಾರು ಮೇಲಕ್ಕೇ ತಂದುಕೊಡುತ್ತಿದ್ದಳು. ಹಡಗು ಬಿಟ್ಟ ಮೇಲೆ ನಾನು ಊಟದ ರುಚಿ ಗಮನಿಸಿದ್ದು ಆ ಎಂಟು ವಾರಗಳಲ್ಲಿ.

ಕಳೆದುಹೋದ ಗಂಟೆ ಮರಳಿ ಸಿಕ್ಕಿತ್ತು. ಅವನನ್ನು ಚೆನ್ನಾಗಿ ತಯಾರು ಮಾಡಿದಷ್ಟೂ ಅದು ಬೇಗ ಕೈಬಿಡುತ್ತದೆ ಎಂಬುದೂ ಗೊತ್ತಿತ್ತು. ಒಂದು ಭಾನುವಾರ, ಇನ್ನೊಂದೆರಡು ವಾರ ಬೇಕು, ಉಚ್ಚಾರಣೆ ಇನ್ನೂ ಸರಿಯಾಗಬೇಕು ಎಂದು ಹೇಳಲು ಬಾಯಿ ತೆರೆದೆ. ಅವನ ಉಚ್ಚಾರಣೆ ಸರಿಯಾಗಿಯೇ ಇತ್ತು. ಸಾಕು, ಇನ್ನು ಹೋಗು ಎಂದೆ.

ಅವನಿಗೆ ಕೆಲಸ ಸಿಕ್ಕಿತು. ಅದೇ ಹಡಗು. ಹೊರಡುವ ದಿನ ನನಗೆ ಶಿಫ್ಟ್ ಇತ್ತು. ಫೋನಿನಲ್ಲೇ ಬೀಳ್ಕೊಟ್ಟೆ.

ಕಳೆದ ವಾರ ಹೊಂಗೆ ಮರದ ಕೆಳಗೆ ಡಬ್ಬಿ ಬಿಚ್ಚುತ್ತಾ ಫೋನ್ ನೋಡಿದೆ. ರಾತ್ರಿಯೇ ಅವನ ಸಂದೇಶ ಬಂದಿತ್ತು. ಒಂದು ಚಿತ್ರ: ಹಾಸಿಗೆ, ಅದರಾಚೆ ದುಂಡನೆಯ ಕಿಟಕಿ, ಕಿಟಕಿಯ ತುಂಬ ನೀರು. ಕೆಳಗೆ ಬರೆದಿದ್ದ: "ಹದಿನಾರು ರೂಮು ಅಣ್ಣ. ಅದ್ರಲ್ಲಿ ಒಂಬತ್ತಕ್ಕೆ ಕಿಟಕಿ."

ಹಾಸಿಗೆಯ ಮೇಲೆ ಮರುದಿನದ ಹಾಳೆ ಇತ್ತು. ಚಿತ್ರವನ್ನು ದೊಡ್ಡದು ಮಾಡಿ ಓದಿದೆ. ಸೂರ್ಯ ಮುಳುಗುವ ಹೊತ್ತು, ಊಟದ ವೇಳೆ, ನೃತ್ಯದ ಪಾಠ. ಎರಡನೇ ಸಾಲಿನಲ್ಲಿ ಒಂದು ಅಲ್ಪವಿರಾಮ ತಪ್ಪು ಜಾಗದಲ್ಲಿತ್ತು. ಕೊನೆಯಲ್ಲಿ, ದಪ್ಪಕ್ಷರದಲ್ಲಿ, ಹನ್ನೆರಡಕ್ಕೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಎಂದಿತ್ತು.

"ಇವತ್ತು ಹನ್ನೊಂದಕ್ಕೇ ಊಟ. ಮರೀಬೇಡ," ಎಂದು ಬರೆದು ಕಳಿಸಿದೆ.

ಉತ್ತರ ಬಂದದ್ದು ಅದೇ ಸಂಜೆ. ನಾನು ಬೊಮ್ಮಸಂದ್ರದ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಹಡಗಿನಲ್ಲಿ ಆಗ ಬೆಳಿಗ್ಗೆ ಹನ್ನೊಂದು ಗಂಟೆ.

"ಡೆಕ್ ಮೇಲಿದ್ದೀನಿ. ಯಾರ್ ಯಾರಿಗೆ ನೆನಪು ಮಾಡ್ತಾವ್ರೆ ನೋಡಿ!"

ಅದರ ಹಿಂದೆಯೇ ಇನ್ನೊಂದು ಚಿತ್ರ ಬಂತು. ಹಗ್ಗದ ಸುರುಳಿ, ಅದರ ಮೇಲೆ ಎರಡು ಕಿತ್ತಳೆ ಹಣ್ಣು. ಒಂದನ್ನು ಸುಲಿದಿದ್ದ.